ಕೆಂಪು ಕಾಣದ ಮೇಷ್ಟ್ರು

ಅವರ ಕಾಲುಚೀಲದ ಒಳಗೆ, ಹಿಮ್ಮಡಿಯ ಹತ್ತಿರ, ದಾರದ ಗಂಟುಗಳಿದ್ದವು. ಕಂದು ಬಣ್ಣದ ಜೋಡಿಗೆ ಒಂದು ಗಂಟು, ಹಸಿರು ಜೋಡಿಗೆ ಎರಡು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ಕಾಲುಚೀಲದೊಳಗೆ ಕೈ ತೂರಿಸಿ, ಬೆರಳಿನಲ್ಲೇ ಗಂಟು ತಡವಿ, ಜೋಡಿ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಹಾಕಿಕೊಳ್ಳುತ್ತಿದ್ದರು.

ಇಷ್ಟು ಖಾಸಗಿ ವಿಷಯ ನನಗೆ ಗೊತ್ತಾದದ್ದು ಅವರೇ ಒಂದು ದಿನ ಪಾಠದ ನಡುವೆ ಶೂ ಕಳಚಿ, ಕಾಲುಚೀಲವನ್ನು ತಿರುವಿ ಹಾಕಿ ಇಡೀ ತರಗತಿಗೆ ತೋರಿಸಿದ್ದರಿಂದ. ಮುಂದಿನ ಬೆಂಚಿನವರು ಮೂಗು ಮುಚ್ಚಿಕೊಂಡೆವು.

"ಇದೇ ಮಾ ಕೋಡಿಂಗ್. ಬಣ್ಣವನ್ನ ಸಂಖ್ಯೆ ಮಾಡೋದು. ನನ್ನ ಹೆಂಡತಿ ಸೂಜಿ ದಾರ ತಗೊಂಡು ಒಂದು ಮಧ್ಯಾಹ್ನ ಕಲಿತುಬಿಟ್ಲು. ನಿಮಗೆ ಒಂದು ಸೆಮಿಸ್ಟರ್ ಸಾಲ್ತಾ ಇಲ್ಲ."

ಅವರಿಗೆ ಕೆಂಪು ಹಸಿರು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಗೆಯೇ. ಎರಡೂ ಅವರ ಪಾಲಿಗೆ ಒಂದೇ ಬಗೆಯ ಮಂಕು ಕಂದು. ಇಂಥವರು ರಾಬರ್ಟ್‌ಸನ್‌ಪೇಟೆಗೂ ಬಂಗಾರಪೇಟೆಗೂ ನಡುವೆ ಇರುವ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಮೇಜ್ ಪ್ರೊಸೆಸಿಂಗ್ ಕಲಿಸುತ್ತಿದ್ದರು. ಅಂದರೆ, ಕ್ಯಾಮೆರಾ ನೋಡಿದ್ದನ್ನು ಯಂತ್ರಕ್ಕೆ ಅರ್ಥಮಾಡಿಸುವ ವಿದ್ಯೆ. ಸೇರಿದ ಹೊಸದರಲ್ಲಿ ನಾವು ಇದನ್ನು ಕಾಲೇಜಿನ ಅವ್ಯವಸ್ಥೆಗೆ ಇನ್ನೊಂದು ಸಾಕ್ಷಿ ಎಂದುಕೊಂಡಿದ್ದೆವು.

ಈಗ ಅವರು ನಿವೃತ್ತರಾಗಿ ಸೇಲಂನಲ್ಲಿ ಮಗಳ ಮನೆಯಲ್ಲಿದ್ದಾರೆ. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಶಾಲು ಹೊದಿಸಿದಾಗ ಪಕ್ಕದಲ್ಲಿ ಹಾರ ಹಿಡಿದು ನಿಂತಿದ್ದ ನನ್ನ ಕಡೆ ಬಾಗಿ, "ಯಾವ ಬಣ್ಣ ಮಾ?" ಎಂದು ಪಿಸುಗುಟ್ಟಿದರು. ಎದುರಿಗೆ ಮೈಕು ಇತ್ತು. "ಕೆನ್ನೇರಳೆ ಸರ್" ಎಂಬ ನನ್ನ ಉತ್ತರವೂ ಸಭಾಂಗಣದ ಕೊನೆಯ ಸಾಲಿನವರೆಗೆ ಕೇಳಿಸಿತು. ಚಪ್ಪಾಳೆ ಬಿತ್ತು. ನನಗೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ, ಅದಕ್ಕೂ ನಾನು ಏನೂ ಮಾಡಿರಲಿಲ್ಲ.

ಕಲಿತ ಕಾಲೇಜಿನಲ್ಲೇ ನಾನು ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ ಸರ್ ನನ್ನನ್ನು ತಮ್ಮ ಲ್ಯಾಬಿಗೆ ಹಾಕಿಸಿಕೊಂಡರು. ಕ್ಯಾಮೆರಾ ಪ್ರತಿಯೊಂದು ಚುಕ್ಕೆಯನ್ನೂ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಮೂರು ಸಂಖ್ಯೆಗಳಾಗಿ ಬರೆದಿಡುತ್ತದೆ. ಒಂದೊಂದು ಬಣ್ಣದ ಪಾಲಿಗೆ ಚಾನೆಲ್ ಎಂದು ಹೆಸರು. ಸರ್ ನನಗೆ ಇಟ್ಟ ಹೆಸರು ರೆಡ್ ಚಾನೆಲ್. ಕಾರಿಡಾರಿನ ಆ ತುದಿಯಿಂದ, "ನಮ್ಮ ರೆಡ್ ಚಾನೆಲ್ ಎಲ್ಲಪ್ಪಾ?" ಎಂದು ಕೂಗುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಯನ್ನೂ ಸದ್ದಾಗದಂತೆ ತೆರೆಯುವವಳು. ಒಂದು ತಿಂಗಳಲ್ಲಿ ಇಡೀ ಕಾಲೇಜು ನನ್ನನ್ನು ಆ ಹೆಸರಿನಿಂದಲೇ ಗುರುತಿಸತೊಡಗಿತು. ಸರ್‌ಗೆ ಬೇಸರ ಹೇಳಿಕೊಂಡೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

"ನೀಲಿ ನನಗೇ ಕಾಣುತ್ತೆ ಮಾ. ಇಲ್ಲದಿದ್ದರೆ ಬ್ಲೂ ಚಾನೆಲ್ ಅಂತ ಕರೀಬಹುದಾಗಿತ್ತು."

ಅವರು ಹುಟ್ಟಿ ಬೆಳೆದದ್ದು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳಲ್ಲಿ. ಮನೆಮಾತು ತಮಿಳು, ಬೈಗುಳಕ್ಕೆ ತೆಲುಗು, ಪಾಠಕ್ಕೆ ಇಂಗ್ಲಿಷು, ಮಿಕ್ಕಿದ್ದಕ್ಕೆಲ್ಲ ಕನ್ನಡ. ದೃಷ್ಟಿಯ ಬಗ್ಗೆ ಅವರಿಗಿದ್ದದ್ದು ಒಂದೇ ಸಿದ್ಧಾಂತ. ಕಣ್ಣು ಯಾವ ವಸ್ತುವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದಲ್ಲಿರುವುದರ ಜೊತೆ ಹೋಲಿಸಿ ನೋಡುತ್ತದೆ. "ಕಣ್ಣು ಸಾಕ್ಷಿ ಹೇಳಲ್ಲ ಮಾ. ಪಕ್ಕದ ಮನೆಯವರನ್ನ ನೋಡ್ಕೊಂಡು ಮಾತಾಡುತ್ತೆ." ಬೂದು ಕಾಗದದ ಎರಡು ತುಂಡುಗಳನ್ನು, ಒಂದನ್ನು ಕಪ್ಪು ರಟ್ಟಿನ ಮೇಲೆ, ಇನ್ನೊಂದನ್ನು ಬಿಳಿ ರಟ್ಟಿನ ಮೇಲೆ ಅಂಟಿಸಿ, ಯಾವುದು ಹೆಚ್ಚು ಗಾಢ ಎಂದು ಕೇಳುತ್ತಿದ್ದರು. ಬಿಳಿಯ ಮೇಲಿನದು ಎಂದು ನಾವೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದೆವು. ಎರಡನ್ನೂ ಕಿತ್ತು ಒಟ್ಟಿಗೆ ಹಿಡಿದಾಗ ಒಂದೇ ಬೂದು. "ಎರಡು ಕಣ್ಣೂ ಸರಿಯಿರೋರು ನೀವು!" ಎಂದು ಅವರು ಸಂತೋಷಪಡುತ್ತಿದ್ದ ರೀತಿ ಮೇಷ್ಟ್ರಿಗೆ ತಕ್ಕದ್ದಾಗಿರಲಿಲ್ಲ.

ಮಗಳ ನಿಶ್ಚಿತಾರ್ಥದ ಸಮಯದಲ್ಲಿ ಅವರ ಹೆಂಡತಿ ನನ್ನನ್ನು ರಾಬರ್ಟ್‌ಸನ್‌ಪೇಟೆಯ ಸೀರೆ ಅಂಗಡಿಗೆ ಕರೆದುಕೊಂಡು ಹೋದರು. "ನಿಮ್ಮ ಮೇಷ್ಟ್ರು ಬರ್ತಾರೆ, ಅದಕ್ಕೇ ಕಣ್ಣಿರೋರು ಒಬ್ಬರು ಬೇಕು" ಎಂದರು. ಕೆಂಪು ರೇಷ್ಮೆ ಸೀರೆ ಆರಿಸಿದ್ದಾಯಿತು. ಅಂಗಡಿಯ ಹುಡುಗಿ ಹಸಿರು ಬ್ಲೌಸ್ ಬಟ್ಟೆಯನ್ನು ಅದರ ಮೇಲೆ ಹರಡಿ, "ಫುಲ್ ಕಾಂಟ್ರಾಸ್ಟ್ ಮೇಡಂ" ಎಂದಳು.

ಸರ್ ಮುಂದೆ ಬಗ್ಗಿದರು. "ಎಲ್ಲಿದೆ ಕಾಂಟ್ರಾಸ್ಟು? ಮಣ್ಣಿನ ಮೇಲೆ ಮಣ್ಣು ಹಾಕಿದಂಗಿದೆ."

ಹುಡುಗಿಯ ಮುಖ ಸಣ್ಣದಾಯಿತು. ಅವಳಿಗೆ ವಿವರಿಸಬೇಕೆಂದು ಸರ್ ಕಣ್ಣನ್ನು ಅರ್ಧ ಮುಚ್ಚಿ, ತೆರೆದು, ಮತ್ತೆ ಅರ್ಧ ಮುಚ್ಚಿ ತೋರಿಸಿದರು. ಹಾಗೆ ನೋಡಿದರೆ ಬಣ್ಣದ ಗದ್ದಲ ತಗ್ಗಿ ಬೆಳಕು-ಕತ್ತಲೆಯ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

"ಎನ್ನಾಂಗ! ಮಗಳ ವಯಸ್ಸಿನವಳು! ಕಣ್ಣು ಯಾಕೆ ಹಂಗೆ ಮಾಡ್ತೀರಿ?" ಎಂದು ಹೆಂಡತಿ ಗದರಿದರು.

"ಪ್ರಯೋಗ ಮಾಡ್ತಾ ಇದ್ದೀನಿ! ನೀನೂ ಹಿಂಗೆ ನೋಡು. ಸಾರ್, ನೀವೂ ನೋಡಿ."

ಅಂಗಡಿಯ ಯಜಮಾನರು ವ್ಯಾಪಾರಸ್ಥರು, ಗಿರಾಕಿಯ ಮಾತು ಮೀರದವರು. ಅರೆಗಣ್ಣು ಮಾಡಿದರು. ಪಕ್ಕದಲ್ಲಿ ಮದುವೆಯ ಬಟ್ಟೆಗೆ ಬಂದಿದ್ದ ಕುಟುಂಬವೂ ಕುತೂಹಲಕ್ಕೆ ಅರೆಗಣ್ಣು ಮಾಡಿತು. ಆಗ ಒಳಗೆ ಕಾಲಿಟ್ಟ ಹೊಸ ಗಿರಾಕಿಯೊಬ್ಬರು, ತಮ್ಮ ಕಡೆ ತಿರುಗಿದ ಅಷ್ಟೂ ಅರೆಗಣ್ಣುಗಳನ್ನು ಕಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಹಸಿರು ಬ್ಲೌಸನ್ನೇ ಕೊಂಡೆವು. ನಿಶ್ಚಿತಾರ್ಥವಾದ ಮೇಲೆ ಸರ್ ಆ ದಿನದ ಒಂದು ಫೋಟೋವನ್ನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆಸಿ ಲ್ಯಾಬಿನ ಗೋಡೆಗೆ ಅಂಟಿಸಿದರು. ಅದರಲ್ಲಿ ಸೀರೆಯೂ ಬ್ಲೌಸೂ ಒಂದೇ ಬಟ್ಟೆಯಲ್ಲಿ ಹೊಲಿದಂತೆ ಒಂದೇ ಬೂದಾಗಿತ್ತು. ಕೆಳಗೆ ಅವರದೇ ಅಕ್ಷರದಲ್ಲಿ "ನಾನು ಹೇಳಿದ್ದೆ" ಎಂದಿತ್ತು. ಹೆಂಡತಿ ಲ್ಯಾಬಿಗೆ ಬರುವವರಲ್ಲ ಎಂಬ ಧೈರ್ಯ.

ಕಾಲೇಜು ದಿನಾಚರಣೆಗೆ ನಮ್ಮ ವಿದ್ಯಾರ್ಥಿಗಳು ಗೆರೆಯ ಮೇಲೆ ನಡೆಯುವ ಪುಟ್ಟ ರೋಬೋ ಮಾಡಿದ್ದರು. ಅದು ಮುಖ್ಯ ಅತಿಥಿಗಳಿಗೆ ಹೂಗುಚ್ಛ ಒಯ್ದು ಕೊಡಬೇಕು. ಅಭ್ಯಾಸ ಮಾಡಿಸಿದ್ದು ಬಿಳಿ ನೆಲದ ಮೇಲಿನ ಕಪ್ಪು ಟೇಪಿನಲ್ಲಿ. ವೇದಿಕೆಗೆ ಕೆಂಪು ಜಮಖಾನ ಹಾಸಿದ್ದರಿಂದ, ಅಂದವಾಗಿ ಕಾಣಲೆಂದು ಹಸಿರು ಟೇಪು ಅಂಟಿಸಿದರು. ಸರ್ ಬಂದು ನೋಡಿ, "ಗೆರೆ ಎಲ್ಲಿ?" ಎಂದರು. ಹುಡುಗರು ಅವರಿಗೆ ಕಾಣಿಸದಂತೆ ನಕ್ಕರು. "ನನಗೆ ಕಾಣದಿದ್ದರೆ ಅದಕ್ಕೂ ಕಾಣಲ್ಲ ಕಣ್ರಪ್ಪಾ. ಅದು ಬಣ್ಣ ನೋಡಲ್ಲ, ಬೆಳಕು ಎಷ್ಟು ವಾಪಸ್ ಬರುತ್ತೆ ಅಂತ ನೋಡುತ್ತೆ" ಎಂದರು. ಯಾರೂ ಕೇಳಲಿಲ್ಲ. ರೋಬೋ ಹೂಗುಚ್ಛ ಹೊತ್ತು ಹೊರಟು, ಗೆರೆಯನ್ನು ಗಮನಿಸದೆ ದಾಟಿ, ಮುಖ್ಯ ಅತಿಥಿಗಳನ್ನು ಬಿಟ್ಟು, ವೇದಿಕೆಯ ಅಂಚಿನಿಂದ ಕೆಳಗೆ ಕುಳಿತಿದ್ದ ನಾದಸ್ವರದವರ ಮಡಿಲಿಗೆ ಬಿತ್ತು. ಅವರು ಎದ್ದು ನಿಂತು ಹೂಗುಚ್ಛ ಸ್ವೀಕರಿಸಿ ಸಭೆಗೆ ಕೈಮುಗಿದರು.

ಸರ್ ಆಮೇಲೆ ಕಟ್ಟಿದ ಟೊಮೇಟೊ ಆರಿಸುವ ಯಂತ್ರದ ಮೂಲವೂ ಸಂಸಾರದಲ್ಲೇ ಇತ್ತು. ಆಂಡರ್ಸನ್‌ಪೇಟೆಯ ಸಂತೆಯಿಂದ ಟೊಮೇಟೊ ತರಲು ಹೋದರೆ ಸರ್ ಪ್ರತಿ ಸಲ ಕಾಯಿ ತರುತ್ತಿದ್ದರು. ತರಕಾರಿಯವರೂ ಹಳೆ ಪರಿಚಯ, ಮಾರಾಟವಾಗದ ಕಾಯಿಯನ್ನೆಲ್ಲ ಅವರಿಗೆಂದೇ ತೆಗೆದಿಡುತ್ತಿದ್ದರು. ವಾರಗಟ್ಟಲೆ ಕಾಯಿ ಚಟ್ನಿ, ಕಾಯಿ ಗೊಜ್ಜು ತಿಂದ ಹೆಂಡತಿ ಒಂದು ದಿನ, "ರೋಬೋ ಮಾಡ್ತೀನಿ ಅಂತೀರಲ್ಲಾ, ಹಣ್ಣು ಆರಿಸೋಕ್ಕೆ ಒಂದು ಮಾಡಿ. ಅದನ್ನ ಕಳಿಸ್ತೀನಿ ಸಂತೆಗೆ" ಎಂದರಂತೆ. ಸರ್ ಅದನ್ನು ಸಂಶೋಧನಾ ಪ್ರಸ್ತಾವದಂತೆ ಸ್ವೀಕರಿಸಿದರು.

ನಮ್ಮ ಸೀಮೆಯಲ್ಲಿ ಅದು ತಮಾಷೆಯ ವಿಷಯವಲ್ಲ. ನಮ್ಮದು ಬಂಗಾರಪೇಟೆಯ ಪಕ್ಕದ ಹಳ್ಳಿ, ಸುತ್ತಲೂ ಟೊಮೇಟೊ ತೋಟ. ಕುಯ್ದದ್ದನ್ನು ಶೆಡ್ಡಿನಲ್ಲಿ ಹರಡಿಕೊಂಡು ಹೆಂಗಸರು ಬೇರೆ ಮಾಡುತ್ತಾರೆ. ಅರೆಬರೆ ಬಣ್ಣ ತಿರುಗಿದ ದೋರಗಾಯಿ ದೂರದ ಊರಿನ ಲಾರಿಗೆ, ಪೂರಾ ಹಣ್ಣು ಅದೇ ದಿನ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ. ದೋರಗಾಯಿಯ ನಡುವೆ ಹಣ್ಣು ಸೇರಿದರೆ ದಾರಿಯಲ್ಲೇ ಒಡೆದು ಪಕ್ಕದವನ್ನೂ ಕೊಳೆಸುತ್ತದೆ.

ಸರ್ ಕಟ್ಟಿದ ಯಂತ್ರಕ್ಕೆ ಒಂದು ಓಡುವ ಬೆಲ್ಟು, ಅದರ ಮೇಲೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕ್ಯಾಮೆರಾ ಮತ್ತು ದೀಪ. ಪೆಟ್ಟಿಗೆ ದಾಟಿದ ಮೇಲೆ ಒಂದು ಮರದ ಕೈ. ದೋರಗಾಯಿಯನ್ನು ಎಡದ ಕ್ರೇಟಿಗೆ, ಹಣ್ಣನ್ನು ಬಲದ ಕ್ರೇಟಿಗೆ ತಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಪೆಟ್ಟಿಗೆಯ ಒಳಗೋಡೆಗೆ ಕೂರಿಸಿದ ಅಂಗೈಯಗಲದ ಬೂದು ಹಲಗೆ. ಬಿಸಿಲು, ಟ್ಯೂಬ್‌ಲೈಟು, ಶೆಡ್ಡಿನ ನೀಲಿ ಟಾರ್ಪಾಲು, ಪ್ರತಿಯೊಂದೂ ಬೆಳಕಿಗೆ ತನ್ನ ಬಣ್ಣ ಬೆರೆಸುತ್ತದೆ. ಆದ್ದರಿಂದ ಯಂತ್ರ ಶುರುವಾದ ಕೂಡಲೇ ಮೊದಲು ಈ ಹಲಗೆಯನ್ನು ನೋಡುತ್ತದೆ. ಹಲಗೆ ಬೂದು ಎಂದು ಅದಕ್ಕೆ ಹೇಳಿಕೊಟ್ಟಿದೆ. ಅದರಲ್ಲಿ ಬೇರೆ ಬಣ್ಣ ಕಂಡರೆ ಅದು ಬೆಳಕಿನ ಸುಳ್ಳು ಎಂದು ತಿಳಿದು, ಅಷ್ಟನ್ನು ಮುಂದೆ ನೋಡುವ ಎಲ್ಲದರಿಂದಲೂ ಕಳೆದುಬಿಡುತ್ತದೆ. ಸರ್ ಸಂಖ್ಯೆಗಳನ್ನು ನೋಡುತ್ತಿದ್ದರು, ನಾನು ಹಣ್ಣನ್ನು ನೋಡುತ್ತಿದ್ದೆ.

ನಿವೃತ್ತಿ ಹತ್ತಿರ ಬಂದಾಗ ಪ್ರಿನ್ಸಿಪಾಲರು ಲ್ಯಾಬಿನ ಬಾಗಿಲಲ್ಲಿ ನಿಂತು ಕೋಣೆಯ ಉದ್ದಗಲವನ್ನು ಕಣ್ಣಲ್ಲೇ ಅಳೆದರು. ನೀವು ಹೋದ ಮೇಲೆ ಇದನ್ನು ಹಳೆಯ ಉತ್ತರಪತ್ರಿಕೆಗಳ ಗೋಡೌನು ಮಾಡುತ್ತೇವೆ ಎಂದರು. ಸರ್ ಕುರ್ಚಿಯಿಂದ ಎದ್ದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಸರ್, ಇಪ್ಪತ್ತು ವರ್ಷ ತಿರುಪುಳಿ ಹಿಡಿದು ಕಟ್ಟಿದ ಲ್ಯಾಬು ಇದು. ಹುಡುಗರಿಗೆ ಬಿಟ್ಟುಕೊಡಿ."

"ಯಾರಿಗೆ ಉಪಯೋಗ ಹೇಳಿ? ಹೊರಗಿನವರು ಒಬ್ಬರಾದರೂ, ಒಬ್ಬ ರೈತರಾದರೂ, ನಮಗೆ ಇದು ಬೇಕು ಅನ್ನಲಿ. ಬಿಡ್ತೀನಿ."

ಆ ಒಬ್ಬರನ್ನು ಹುಡುಕಿದ್ದು ನಾನು. ದೂರ ಹೋಗಬೇಕಾಗಿರಲಿಲ್ಲ, ನನ್ನ ದೊಡ್ಡಮ್ಮ. ಅಪ್ಪನ ಅಣ್ಣನ ಹೆಂಡತಿ, ಇಡೀ ತೋಟದ ಉಸ್ತುವಾರಿ ಅವಳದೇ. ಮನೆಯ ವಿಷಯವನ್ನು ಕಾಲೇಜಿಗೆ ತರುವವಳಲ್ಲ ನಾನು. ಆದರೂ ಕೇಳಿದೆ. ದೊಡ್ಡಮ್ಮ ಕುಡಗೋಲು ಕೆಳಗಿಟ್ಟು ಯೋಚಿಸಿ, "ಅಣ್ಣು ನಲುಗ್ಬಾರ್ದು, ನಮ್ ಎಂಗಸ್ರು ಮುನಿಸ್ಕೋಬಾರ್ದು. ಆಮೇಲೆ ನೋಡಾನ, ತತ್ತಾ" ಎಂದಳು.

ಹಾಗೆ ಒಂದು ಬೆಳಿಗ್ಗೆ ಯಂತ್ರ ಟೆಂಪೋ ಹತ್ತಿ ದೊಡ್ಡಮ್ಮನ ಶೆಡ್ಡಿಗೆ ಬಂತು. ಸರ್ ಇಸ್ತ್ರಿ ಅಂಗಿಯಲ್ಲಿ ಬಂದರು, ಪ್ರಿನ್ಸಿಪಾಲರು ಕಾರಿನಲ್ಲಿ ಬಂದರು, ಊರಿನ ಬೆಳೆಗಾರರು ಸುಮ್ಮನೆ ಬಂದರು. ನಾನು ತೋಟದಲ್ಲಿ ಹೆಂಗಸರ ಜೊತೆ ಕ್ರೇಟು ತುಂಬಿಸುತ್ತಿದ್ದಾಗ ಇತ್ತ ದೊಡ್ಡಮ್ಮ ಪೂಜೆ ಮುಗಿಸಿದ್ದಳು. ಮೋಟಾರು, ಟ್ರ್ಯಾಕ್ಟರು ಇರಲಿ, ಹೊಸ ಮೊಬೈಲಿಗೂ ಪೂಜೆಯಾಗದೆ ಅವಳು ಮಾತಾಡುವುದಿಲ್ಲ. ನಾನು ಬರುವಷ್ಟರಲ್ಲಿ ಯಂತ್ರದ ಕಾಲುಗಳಿಗೆ ಅರಿಸಿನ ಕುಂಕುಮ, ಬೆಲ್ಟಿನ ಮೋಟಾರಿಗೆ ಹೂವು, ಮುಂದೆ ಹೋಳಾದ ನಿಂಬೆಹಣ್ಣು.

ಸರ್ ಗುಂಡಿ ಒತ್ತಿದರು. ಬೆಲ್ಟು ಓಡಿತು. ಟೊಮೇಟೊಗಳು ಒಂದೊಂದಾಗಿ ಪೆಟ್ಟಿಗೆಯೊಳಗೆ ಹೊಕ್ಕು ಹೊರಬಂದವು. ಮರದ ಕೈ ಎಡಕ್ಕೆ, ಎಡಕ್ಕೆ, ಬಲಕ್ಕೆ, ಎಡಕ್ಕೆ ಎಂದು ಮೆತ್ತಗೆ ತಳ್ಳತೊಡಗಿತು. ಸರ್ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡಿದರು.

"ನೋಡಿ, ಮನುಷ್ಯರ ಕಣ್ಣು ಪಕ್ಕದಲ್ಲಿ ಏನಿದೆ ಅನ್ನೋದರ ಮೇಲೆ ಮೋಸ ಹೋಗುತ್ತೆ. ತುಂಬಾ ಹಣ್ಣಿನ ನಡುವೆ ದೋರಗಾಯಿ ಇಟ್ಟರೆ ಇನ್ನೂ ಕಾಯಿ ಥರ ಕಾಣುತ್ತೆ. ಈ ಯಂತ್ರಕ್ಕೆ ಆ ದೌರ್ಬಲ್ಯ ಇಲ್ಲ. ಎಷ್ಟು ನಿಖರವಾಗಿ ಬೇರೆ ಮಾಡ್ತಿದೆ ನೋಡಿ!"

ಬೆಳೆಗಾರರು ನೋಡಿದರು. ನಾನೂ ನೋಡಿದೆ. ಎಡದ ಕ್ರೇಟಿನಲ್ಲಿ ದೋರಗಾಯಿಯ ಜೊತೆ ಕೆಂಪನೆಯ ಹಣ್ಣುಗಳು ರಾಶಿಯಾಗಿ ಬೀಳುತ್ತಿದ್ದವು. ಬಲಕ್ಕೆ ಹೋಗುತ್ತಿದ್ದದ್ದು ಒಡೆಯುವಷ್ಟು ಕಳಿತ ಕೆಲವು ಮಾತ್ರ. ಎರಡೂ ಕ್ರೇಟು ತುಂಬುತ್ತಿದ್ದವು, ಸರ್‌ಗೆ ಅಷ್ಟು ಸಾಕಾಗಿತ್ತು.

ಪಕ್ಕದ ತೋಟದ ಚೌಡಪ್ಪ ಬಾಯಿಗೆ ಟವೆಲು ಒತ್ತಿಕೊಂಡ. "ಮೇಷ್ಟ್ರೇ, ಅಣ್ಣೆಲ್ಲಾ ಲಾರಿಗೇ ಕಳಿಸ್ತೈತಲ್ಲಾ ನಿಮ್ ಮಿಷನ್ನು! ದಾರೀಲೇ ಸಾರು ಮಾಡ್ಕಂಡು ಓಗ್ಲಿ ಅಂತಲಾ?"

ಶೆಡ್ಡು ನಕ್ಕಿತು. ಸರ್ ಕ್ರೇಟಿನೊಳಗೆ ಬಗ್ಗಿ ನೋಡಿ, ತಲೆಯೆತ್ತಿ, "ಇಲ್ಲವಲ್ಲ, ಸರಿಯಾಗಿಯೇ ಇದೆ" ಎಂದರು.

ನಗು ತಟ್ಟನೆ ನಿಂತಿತು. ನಕ್ಕದ್ದಕ್ಕಿಂತ ಅದು ಕಷ್ಟವಾಗಿತ್ತು.

ದೊಡ್ಡಮ್ಮ ಎಡದ ಕ್ರೇಟಿಗೆ ಕೈ ಹಾಕಿ ಎರಡು ಟೊಮೇಟೊ ತೆಗೆದು ಸರ್ ಮುಂದೆ ಹಿಡಿದಳು. ಒಂದು ರಕ್ತದಂಥ ಕೆಂಪು. ಇನ್ನೊಂದು ಎಲೆಹಸಿರು, ಬುಡದಲ್ಲಿ ಮಾತ್ರ ತುಸು ತಿರುಗಿತ್ತು.

"ಯಾವ್ದು ಅಣ್ಣು, ಏಳಿ ಮೇಷ್ಟ್ರೇ."

ಸರ್ ಕೈ ಚಾಚಿದರು. ಹೆಬ್ಬೆರಳಲ್ಲಿ ಒತ್ತಿ ನೋಡಿ ಹೇಳುವುದನ್ನು ಯಂತ್ರ ಕಟ್ಟುವಾಗ ಕಲಿತಿದ್ದರು.

"ಮುಟ್ಬೇಡಿ. ನೋಡಿ ಏಳಿ."

ಪ್ರಿನ್ಸಿಪಾಲರು ಮೊಬೈಲಿನಿಂದ ತಲೆ ಎತ್ತಿದರು. ಸರ್ ನನ್ನ ಕಡೆ ತಿರುಗಿದರು. ಲ್ಯಾಬಿನಲ್ಲಾಗಿದ್ದರೆ ನಾನು "ಬಲಗಡೆಯದು ಸರ್" ಎಂದುಬಿಡುತ್ತಿದ್ದೆ. ಇಲ್ಲಿ ಹಾಗೆ ಹೇಳಿದರೆ ಎಲ್ಲರೂ ಕೇಳುತ್ತಾರೆ, ಹೇಳದಿದ್ದರೆ ಎಲ್ಲರೂ ನೋಡುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅವರು ದೊಡ್ಡಮ್ಮನ ಕಡೆ ತಿರುಗಿ ಕೈ ಕೆಳಗಿಳಿಸಿದರು.

"ಕಾಣಲ್ಲ ತಾಯೀ. ನನಗೆ ಎರಡೂ ಒಂದೇ."

"ಅಂಗಂದ್ರೆ?"

"ಕೆಂಪು ಹಸಿರು ಕಾಣಲ್ಲ. ಮೊದಲಿಂದಲೂ."

"ಅಯ್ಯೋ ರಾಮ!" ದೊಡ್ಡಮ್ಮ ಟೊಮೇಟೊ ಹಿಡಿದ ಕೈಯನ್ನೇ ಎದೆಗೆ ಇಟ್ಟುಕೊಂಡಳು. "ಅಂಗಿದ್ದೂ ಟೊಮೇಟೊ ಆರ್ಸೋ ಮಿಷನ್ ಮಾಡಾಕೆ ಬಂದ್ರಾ?"

"ನನಗೆ ಕಾಣೋದಾಗಿದ್ದರೆ ಇದನ್ನ ಯಾಕೆ ಮಾಡ್ತಿದ್ದೆ ತಾಯೀ? ಆರಿಸಿಕೊಂಡು ಮನೆಗೆ ಹೋಗ್ತಿದ್ದೆ."

ಚೌಡಪ್ಪ ಈ ಸಲ ಟವೆಲು ಅಡ್ಡ ಹಿಡಿಯದೆ ನಕ್ಕ. ಪ್ರಿನ್ಸಿಪಾಲರು ನಗಲಿಲ್ಲ. ಅವರು ಸರ್ ಹತ್ತಿರ ಬಂದು ಮೆಲುದನಿಯಲ್ಲಿ, "ನೋಡಿದ್ದಾಯ್ತಲ್ಲ ಸರ್. ನಾಳೆ ಬೆಳಿಗ್ಗೆ ಜನ ಕಳಿಸಿ ಕೋಣೆ ಖಾಲಿ ಮಾಡಿಸ್ತೀನಿ" ಎಂದು ಹೇಳಿ ಕಾರು ಹತ್ತಿದರು. ಅವರ ಹಿಂದೆ ಬೆಳೆಗಾರರೂ ಒಬ್ಬೊಬ್ಬರಾಗಿ ಕರಗಿದರು.

ಸರ್ ಜೇಬಿನಿಂದ ಕರವಸ್ತ್ರ ತೆಗೆದು ಹಣೆ, ಕೆನ್ನೆ, ಕತ್ತು ಒರೆಸಿಕೊಂಡರು. ಕರವಸ್ತ್ರ ಹೋದಲ್ಲೆಲ್ಲ ಮುಖ ಕೆಂಪಾಗುತ್ತ ಬಂತು. ಮೂಗಿನ ತುದಿಯೂ ಬಿಡಲಿಲ್ಲ. ಕೂಲಿ ಹೆಂಗಸರಲ್ಲೊಬ್ಬಳು, "ಯಾರಮ್ಮೀ ಮೇಷ್ಟ್ರಿಗೆ ಓಕುಳಿ ಆಡ್ಸಿದ್ದು?" ಎಂದಳು.

"ಸರ್, ಆ ಕರವಸ್ತ್ರದಲ್ಲಿ ಏನು ಒರೆಸಿದ್ದಿರಿ?"

"ಏನಿಲ್ಲ ಮಾ. ಪೆಟ್ಟಿಗೆಯೊಳಗೆ ಹಲಗೆ ಮೇಲೆ ಏನೋ ಕಪ್ಪು ಚುಕ್ಕೆ ಇತ್ತು. ನೀರು ಹಾಕಿ ಚೆನ್ನಾಗಿ ಒರೆಸಿದೆ. ಸ್ವಲ್ಪವೂ ಉಳಿಸಿಲ್ಲ."

ನಾನು ಪೆಟ್ಟಿಗೆಯ ಬಾಗಿಲು ತೆಗೆದೆ. ಬೂದು ಹಲಗೆ ಅಂಚಿನಿಂದ ಅಂಚಿಗೆ, ಒಂದು ಕಡೆ ಹೆಚ್ಚಿಲ್ಲ ಒಂದು ಕಡೆ ಕಮ್ಮಿಯಿಲ್ಲ ಎನ್ನುವಂತೆ, ಅಪ್ಪಟ ಗುಲಾಬಿಯಾಗಿತ್ತು.

"ದೊಡ್ಡಮ್ಮ, ಇದರೊಳಗೂ ಕುಂಕುಮ ಇಟ್ಟೆಯಾ?"

"ಇಕ್ದೆ ಇರ್ತಾರಾ? ಕಣ್ಣೈತೆ ಅಂದ್ರು ಇದ್ಕೆ. ಕಣ್ಣೈತೆ ಅಂದ್ಮೇಲೆ ಅಣೆ ಇರ್ಬೇಕಲ್ಲ! ನುಣ್ಣಗೆ ಅಣೆ ತರಾ ಇದ್ದಿದ್ದು ಅದೊಂದೇ ಜಾಗ."

ದೊಡ್ಡಮ್ಮ ಇಟ್ಟದ್ದು ಬರೀ ಒಂದು ಬೊಟ್ಟು. ಅಷ್ಟೇ ಆಗಿದ್ದರೆ ಯಂತ್ರ ಸಹಿಸಿಕೊಳ್ಳುತ್ತಿತ್ತೇನೋ. ಸರ್ ಅದನ್ನು ಒರೆಸಿ, ಚುಕ್ಕೆ ಮಾಯವಾಗುವ ತನಕ ಉಜ್ಜಿ, ಹಲಗೆಯ ತುಂಬ ಹರಡಿದ್ದರು. ತೆಳುವಾದ ಆ ಗುಲಾಬಿ ಅವರ ಕಣ್ಣಿಗೆ ಬೂದಿನಂತೆಯೇ ಇತ್ತು. ಯಂತ್ರವಾದರೋ ಹೇಳಿಕೊಟ್ಟದ್ದನ್ನು ನಿಷ್ಠೆಯಿಂದ ಪಾಲಿಸಿತ್ತು. ಬೂದು ಹಲಗೆಯಲ್ಲಿ ಇಷ್ಟೊಂದು ಕೆಂಪಿದೆ, ಇದು ಬೆಳಕಿನ ಸುಳ್ಳು ಎಂದು ತೀರ್ಮಾನಿಸಿ ಎಲ್ಲ ಹಣ್ಣುಗಳ ಕೆಂಪನ್ನೂ ಕಳೆದುಬಿಟ್ಟಿತ್ತು.

ಹೇಳಿದೆ. ಸರ್ ಕೇಳಿಸಿಕೊಂಡು ಕೆಂಪು ಮುಖದಲ್ಲೇ ಹೇಳಿದರು, "ಹಂಗಾದರೆ ಯಂತ್ರದ ತಪ್ಪಿಲ್ಲ." ಅವರಿಗೆ ಆ ಹೊತ್ತಿನಲ್ಲಿ ಅದೇ ದೊಡ್ಡದಾಗಿ ಕಂಡಿತು.

ದೊಡ್ಡಮ್ಮ ಹಲಗೆ ಕಿತ್ತುಕೊಂಡು ಹೋಗಿ ಪಾತ್ರೆ ಸೋಪು, ನಾರು ಹಾಕಿ ತಿಕ್ಕಿ ತಂದಳು. ಬೂದು ಬಂತು. ಗುಂಡಿ ಒತ್ತಿದೆವು. ಹಣ್ಣು ಬಲಕ್ಕೆ, ದೋರಗಾಯಿ ಎಡಕ್ಕೆ. ಹೆಂಗಸರು ಕೆಲಸ ಬಿಟ್ಟು ಸುತ್ತ ನಿಂತರು. ದೊಡ್ಡಮ್ಮ ಪರೀಕ್ಷೆಗೆಂದು ತನ್ನ ಕೈಯನ್ನೇ ಬೆಲ್ಟಿನ ಮೇಲಿಟ್ಟು ಪೆಟ್ಟಿಗೆಯೊಳಗೆ ತೂರಿಸಿ ಹೊರತೆಗೆದಳು. ಮರದ ಕೈ ಅದನ್ನು ಎಡಕ್ಕೆ ತಳ್ಳಿತು.

"ನನ್ ಕೈನೂ ದೋರಗಾಯಿ ಅಂತದಲ್ಲೇ ಇದು! ಈ ವಯಸ್ನಾಗೆ!"

"ದೂರದ ಲಾರಿಗೆ ಓಗ್ಬೋದು ಬಿಡಕ್ಕಾ ನೀನು" ಎಂದಳು ಓಕುಳಿ ಎಂದವಳು. ಸರ್ ಆವತ್ತು ಮೊದಲ ಸಲ ನಕ್ಕರು.

ಆದರೆ ಅದನ್ನು ನೋಡಬೇಕಾದವರು ಹೋಗಿಯಾಗಿತ್ತು. ಸರ್ ಅವರನ್ನು ಬಸ್ಸು ಹತ್ತಿಸಲು ನಾನೂ ಹೋದೆ. ಹತ್ತಿ ಕೂತ ಮೇಲೆ ಕಿಟಕಿಯಿಂದ, "ನಾಳೆ ನಾನು ಬರಲ್ಲ ಮಾ. ಬೆಂಚು ಹೊರಗೆ ಹಾಕೋದನ್ನ ನೋಡೋಕ್ಕಾಗಲ್ಲ" ಎಂದರು. ನಾನು ಆಗಲಿ ಸರ್ ಎಂದೆ. ಇನ್ನೇನಾದರೂ ಹೇಳಬೇಕಿತ್ತು, ಬಸ್ಸು ಹೊರಟುಬಿಟ್ಟಿತು. ಮನೆ ಸೇರಿದ ಮೇಲೆ ದೊಡ್ಡಮ್ಮನ ಹತ್ತಿರ ಕೂತು, ಕೋಣೆಯ ವಿಷಯವನ್ನು ಮೊದಲಿನಿಂದ ಹೇಳಿದೆ.

ಮರುದಿನ ಬೆಳಿಗ್ಗೆ ನಾನು ದಿನವೂ ಕಾಲೇಜಿಗೆ ಹೋಗುವ ಮಾರಿಕುಪ್ಪಂ ರೈಲು ಹಿಡಿಯಲಿಲ್ಲ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹೊರಟಿದ್ದ ದೊಡ್ಡಮ್ಮನ ಟೆಂಪೋದಲ್ಲಿ, ಯಂತ್ರದ ಪಕ್ಕ, ಕ್ರೇಟುಗಳ ಮೇಲೆ ಕೂತು ಕಾಲೇಜಿಗೆ ಬಂದೆ. ಯಂತ್ರ ಇಳಿಸಿದೆವು. ಆಮೇಲೆ ಕ್ರೇಟುಗಳನ್ನೂ ಇಳಿಸಿದೆವು. ಬೆಂಚಿನ ಮೇಲೆ, ಬೆಂಚಿನ ಕೆಳಗೆ, ಮೇಜಿನ ಮೇಲೆ, ಬಾಗಿಲ ಬಳಿ ಒಬ್ಬರು ಓರೆಯಾಗಿ ನುಸುಳುವಷ್ಟು ಜಾಗ ಬಿಟ್ಟು ಉಳಿದಲ್ಲೆಲ್ಲ ಟೊಮೇಟೊ. ಕೋಣೆ ಖಾಲಿ ಮಾಡಲು ಬಂದ ಅಟೆಂಡರು ಒಳಗೆ ಇಣುಕಿ, "ಇದನ್ನೆಲ್ಲ ಯಾರು ಒರ್ತಾರೆ ಮೇಡಂ?" ಎಂದು ಕೇಳಿ ನೆಟ್ಟಗೆ ಪ್ರಿನ್ಸಿಪಾಲರನ್ನು ಕರೆಯಲು ಹೋದ.

ಅವರು ಬಂದರು. ನಾನು ಅವರ ಮುಂದೆ ಅದುವರೆಗೆ "ಗುಡ್ ಮಾರ್ನಿಂಗ್ ಸರ್" ಬಿಟ್ಟು ಬೇರೇನೂ ಮಾತಾಡಿದವಳಲ್ಲ.

"ಏನಿದು?"

"ಪ್ರಯೋಗ ನಡೀತಾ ಇದೆ ಸರ್. ರೈತರು ಒಪ್ಪಿದ್ದಾರೆ."

"ಯಾವ ರೈತರು?"

ನಾನು ದೊಡ್ಡಮ್ಮನಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ದೊಡ್ಡಮ್ಮನಿಗೆ ಫೋನೆಂದರೆ ದೂರದವರನ್ನು ಕೂಗುವ ಸಾಧನ. ಆದ್ದರಿಂದ ಮಾತು ನಮಗೆಲ್ಲ ಕೇಳಿಸಿತು.

"ಸಾ, ನಿನ್ನೆ ನೀವು ಬಿರ್‍ನೆ ಒಂಟೋದ್ರಿ. ಆಮೇಲೆ ಚೆನ್ನಾಗ್ ಮಾಡ್ತು ಅದು. ನಮ್ಗೆ ಬೇಕು ಆ ಮಿಷನ್ನು. ಆದ್ರೆ ಇನ್ನೂ ವಸಿ ಕಲೀಬೇಕು, ನನ್ ಕೈಗೂ ಅಣ್ಣಿಗೂ ಯತ್ಯಾಸ ತಿಳೀತಿಲ್ಲ. ಕಲ್ಸಿ ಕಳ್ಸಿ. ಅಲ್ಲೀಗಂಟ ಅದ್ನ ಇಸ್ಕೂಲು ಬಿಡ್ಸ್ಬೇಡಿ."

ಪ್ರಿನ್ಸಿಪಾಲರು ಫೋನನ್ನು ಕಿವಿಯಿಂದ ತುಸು ದೂರ ಹಿಡಿದು ಕೋಣೆಯನ್ನೊಮ್ಮೆ ನೋಡಿದರು. ಒಂದು ಟೊಮೇಟೊ ಉರುಳಿ ಬಂದು ಅವರ ಶೂ ಪಕ್ಕ ನಿಂತಿತು.

"ಸರಿ. ಈ ಟೊಮೇಟೊ ಇರೋವರೆಗೂ ಇರಲಿ" ಎಂದರು. "ಇದು ಮುಗಿದ ದಿನ ಕೋಣೆ ಬಿಟ್ಟುಕೊಡಬೇಕು."

"ಆಗಲಿ ಸರ್" ಎಂದೆ.

ಸರ್ ಮನೆಗೆ ಫೋನು ಮಾಡಿದೆ. ಎತ್ತಿದವರು ಅವರ ಹೆಂಡತಿ. "ಬರಲ್ಲ ಅಂದಿದ್ದರು ಮಾ. ಆಗಲೇ ಬಸ್ಸು ಹತ್ತಿಬಿಟ್ಟರು."

ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಮತ್ತೆ ದೊಡ್ಡಮ್ಮನಿಗೆ ಫೋನು ಹಚ್ಚಿದೆ. ಇವುಗಳಲ್ಲಿ ಒಂದು ಕ್ರೇಟು ಇಲ್ಲೇ ಇರುತ್ತದೆ, ಮಿಕ್ಕವು ಮಧ್ಯಾಹ್ನ ಮಾರ್ಕೆಟ್ಟಿಗೆ ಹೋಗುತ್ತವೆ, ಇದು ಮುಗಿಯುವುದರೊಳಗೆ ನಾಳಿದ್ದು ಕುಯ್ದದ್ದನ್ನೂ ಮೊದಲು ಇಲ್ಲಿಗೇ ಕಳಿಸು ಎಂದೆ.